ಎಲ್ಲಿಗೆ ಅಂತ ಕೇಳಬಾರದು

ನಿನ್ನೆ ಸಂಜೆ ಕಾಯಿಪಲ್ಯ ತರೋಣವೆಂದು ಚೀಲ ಹಿಡಿದು ಹೊಸ್ತಿಲು ದಾಟುತ್ತಿದ್ದೆ. ಕಟ್ಟೆಯ ಮೇಲೆ ಗೋಲಿ ಆಡುತ್ತಿದ್ದ ಪಕ್ಕದ ಮನೆಯ ಹುಡುಗ ತಲೆ ಎತ್ತಿ, “ಅಜ್ಜೀ, ಎಲ್ಲಿಗಿ ಹೊಂಟಿ?” ಅಂದ. ಅಷ್ಟು ಅಂದದ್ದೇ ತಡ, ಒಳಗಿನಿಂದ ಅವನ ತಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದು ಅವನ ಬಾಯಿ ಮುಚ್ಚಿದಳು.

“ಹೊಂಟವರನ್ನ ಹಂಗ ಕೇಳಬಾರದಂತ ಎಷ್ಟ ಸಲ ಹೇಳೇನಿ ನಿನಗ! ಅಜ್ಜೀ, ಬ್ಯಾಸರ ಮಾಡ್ಕೋಬ್ಯಾಡ್ರಿ. ಒಂದೀಟು ಕುಂತು ನೀರು ಕುಡದು ಹೋಗ್ರಿ.”

ನಾನು ಮರುಮಾತಾಡದೆ ಕೂತೆ. ಕೊಟ್ಟ ನೀರನ್ನೂ ಕುಡಿದೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು, ಆಮೇಲೆ ಸಾಲಿಯಲ್ಲಿ ಮಕ್ಕಳಿಗೆ ವಿಚಾರ ಮಾಡಿ ಮಾತಾಡಿರಿ ಅಂತ ಹೇಳಿ ಹೇಳಿಯೇ ನಿವೃತ್ತಳಾದವಳು, ಒಂದು ಲೋಟ ನೀರಿಗೆ ಇಷ್ಟು ವಿಧೇಯಳಾದೆನಲ್ಲ ಅನ್ನಿಸಿ ನಗು ಬಂತು. ನೀರು ಮೂಗಿಗೆ ಏರಿತು. ಹುಡುಗ ನನ್ನನ್ನೇ ನೋಡುತ್ತಿದ್ದ. ಯಾಕೆ ನಕ್ಕೆನೆಂದು ಅವನಿಗೆ ಹೇಳಲು ಹೋದರೆ ಅವನ ತಾಯಿ ಮತ್ತೊಮ್ಮೆ ಓಡಿಬರುತ್ತಿದ್ದಳು. ಅದಕ್ಕೇ ನಿಮಗೆ ಹೇಳುತ್ತೇನೆ.

ನಮ್ಮ ಕಡೆಯ ಈ ಪದ್ಧತಿ ನಿಮಗೆ ಗೊತ್ತಿರಬಹುದು. ಮನೆ ಬಿಟ್ಟು ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕೇಳದೆ ಇರಲಾಗದಿದ್ದರೆ, “ದೂರ ಹೊಂಟೀರೇನ್ರಿ?” ಅನ್ನಬೇಕು. ಅವರು, “ಹೌದ್ರಿ, ಇಲ್ಲೇ” ಅನ್ನುತ್ತಾರೆ. ಕೇಳಿದವರಿಗೆ ಏನೂ ತಿಳಿಯುವುದಿಲ್ಲ, ಹೇಳಿದವರು ಏನೂ ಹೇಳಿರುವುದಿಲ್ಲ, ಇಬ್ಬರಿಗೂ ಸಮಾಧಾನ. ಬಹಳ ಜನರ ಸಂಸಾರ ಇಂಥ ಮಾತಿನ ಮೇಲೆಯೇ ನೆಟ್ಟಗೆ ನಡೆದಿದೆ, ಅದನ್ನೇನೂ ನಾನು ತೆಗೆದುಹಾಕುವುದಿಲ್ಲ.

ನಾನು ಹೇಳುವುದು ಅರವತ್ತನೆಯ ಇಸವಿಯ ಆಚೀಚಿನ ಮಾತು. ನಮ್ಮ ಮನೆ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ. ಅಪ್ಪನದೂ ಬಸಲಿಂಗ ಕಾಕಾನದೂ ಸೇರಿ ಹತ್ತಿಯ ವ್ಯಾಪಾರ. ಅವ್ವ, ನಾನು, ನನಗಿಂತ ದೊಡ್ಡವಳು ಪಾರಕ್ಕ. ನಾನು ದಿನಾ ಬೆಳಿಗ್ಗೆ ರೈಲು ಹತ್ತಿ ಧಾರವಾಡಕ್ಕೆ ಕಾಲೇಜಿಗೆ ಹೋಗುತ್ತಿದ್ದೆ. ಈ ಮಾತು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪಾರಕ್ಕನಿಗೆ ಮೊದಲು ಒಂದು ಸಂಬಂಧ ಗೊತ್ತಾಗಿ ತಪ್ಪಿಹೋಗಿತ್ತು. ನಿಶ್ಚಯ ಮಾಡಿಕೊಂಡು ಬರಲು ಅಪ್ಪ, ಕಾಕಾ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಹಾಲಿನ ಮಲ್ಲವ್ವ ಎದುರಾದಳು. ತಲೆಯ ಮೇಲೆ ಗಡಿಗೆ, ಬಾಯ್ತುಂಬ ನಗು. “ಯಜಮಾನ್ರು ಇಬ್ರೂ ಕೂಡಿ ಎಲ್ಲಿಗಿ ಹೊಂಟ್ರಿ?” ಅಂದುಬಿಟ್ಟಳು. ಅವರು ಒಳಗೆ ಬಂದು ಕೂತು, ನೀರು ಕುಡಿದು ಹೋದರು. ಆದರೂ ಸಂಬಂಧ ಕೂಡಲಿಲ್ಲ. ಆ ಹುಡುಗನ ಮನೆಯವರು ಮೊದಲೇ ಬೇರೆ ಕಡೆ ಮಾತು ಕೊಟ್ಟಿದ್ದರೆಂದು ಆಮೇಲೆ ಊರಿಗೆಲ್ಲ ಗೊತ್ತಾಯಿತು. ನಮಗೂ ಗೊತ್ತಾಯಿತು. ಆದರೆ ಅವ್ವ ಮಾತ್ರ, “ಅದೆಲ್ಲಾ ಖರೇ. ಆದ್ರ ಆಕಿ ಕೇಳಿದ್ದಕ್ಕs ಹಿಂಗಾತು,” ಅಂದಳು. ಮಲ್ಲವ್ವನ ಹಾಲು ಬಿಡಿಸಿದಳು. ಬೇರೆಯವನ ಹಾಲು ಹಾಕಿಸಿಕೊಂಡು ಒಂದು ವರ್ಷ ನೀರು ಕುಡಿದೆವು. ಅಪ್ಪ ಚಹದ ಬಟ್ಟಲು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ, ಏನೂ ಅನ್ನದೆ ಕುಡಿಯುತ್ತಿದ್ದ. ಮಲ್ಲವ್ವನನ್ನು ಮತ್ತೆ ಕರೆಯುವುದೆಂದರೆ ವರ್ಷವೆಲ್ಲ ಸುಳ್ಳೇ ನೀರು ಕುಡಿದೆವೆಂದು ಒಪ್ಪಿಕೊಂಡ ಹಾಗೆ ಆಗುತ್ತಿತ್ತು.

ಇನ್ನು ಬಸಲಿಂಗ ಕಾಕಾ. ಅವನು ಹತ್ತಿಯ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದನೆಂದರೆ, ಕಣ್ಣು ಮುಚ್ಚಿಕೊಂಡೇ ಅದು ಯಾವ ಸೀಮೆಯದೆಂದು ಹೇಳುತ್ತಿದ್ದ. ಹತ್ತಿಯ ವಿಷಯದಲ್ಲಿ ಅವನ ಮಾತು ಸುಳ್ಳಾದದ್ದಿಲ್ಲ. ಅದರಿಂದ ಏನಾಯಿತೆಂದರೆ, ಹತ್ತಿ ತಿಳಿದವನಿಗೆ ಉಳಿದದ್ದೂ ತಿಳಿಯುತ್ತದೆಂದು ಮನೆಯಲ್ಲಿ ಎಲ್ಲರೂ ನಂಬಿದೆವು. ಜ್ವರಕ್ಕೆ ಔಷಧ, ಸೀರೆಯ ಬಣ್ಣ, ಮಾವಿನಹಣ್ಣು, ನನ್ನ ಕಾಲೇಜಿನ ವಿಷಯಗಳು, ಎಲ್ಲದಕ್ಕೂ ಕಾಕಾನ ಮಾತೇ ಕೊನೆ. ನನಗೆ ತರ್ಕಶಾಸ್ತ್ರ ಆರಿಸಿಕೊಟ್ಟವನೂ ಅವನೇ. “ಅದರಾಗ ಲೆಕ್ಕ ಇರಂಗಿಲ್ಲ, ಹುಡುಗೀರಿಗೆ ಛಲೋ,” ಅಂದಿದ್ದ. ಅವನ ದನಿ ದೊಡ್ಡದು. ಕೈಯಲ್ಲಿ ಯಾವಾಗಲೂ ಒಂದು ಕೊಡೆ. ಸಂದಣಿಯಲ್ಲಿ ಆ ಕೊಡೆಯನ್ನು ಎತ್ತಿ ಹಿಡಿದು ನಡೆದನೆಂದರೆ ನಾವು ಮುಂದೆ ಏನಿದೆ ಎಂದು ನೋಡುತ್ತಿರಲಿಲ್ಲ, ಕೊಡೆಯನ್ನು ನೋಡಿಕೊಂಡು ಹಿಂದೆ ಹೋಗುತ್ತಿದ್ದೆವು.

ಪಾರಕ್ಕನಿಗೆ ಎರಡನೆಯ ಸಂಬಂಧ ಬಂದದ್ದು ಗದಗಿನಿಂದ. ಹುಡುಗ ಶಿವಾನಂದ ಮಾಸ್ತರ, ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಹೆಣ್ಣು ನೋಡಲು ಬಂದಾಗ ಹಾಡು ಹೇಳಿಸಲಿಲ್ಲ, ನಡೆಸಿ ನೋಡಲಿಲ್ಲ. ಉಪ್ಪಿಟ್ಟಿನ ತಾಟು ಕೆಳಗಿಟ್ಟು ಅಕ್ಕನ ಕಡೆ ತಿರುಗಿ, “ನಿಮಗ ಏನರ ಕೇಳೂದೈತೇನ್ರಿ?” ಅಂದರು. ಹೆಣ್ಣು ನೋಡಲು ಬಂದ ಗಂಡು ಹೀಗೆ ಕೇಳಿದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಅಕ್ಕ ತಲೆ ತಗ್ಗಿಸಿ ಕೂತಳು. ಅವರು ಹೋದಮೇಲೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, “ಕೇಳೂದು ಬೇಕಾದಷ್ಟು ಇತ್ತು, ಶಾಂತಾ. ಬಾಯಿ ಬರಲಿಲ್ಲ,” ಅಂದಳು. ಅವಳ ಮುಖ ನೋಡಿಯೇ ನನಗೆ ತಿಳಿಯಿತು. ಈ ಮಾಸ್ತರರು ತಪ್ಪಿಹೋದರೆ ಅಕ್ಕ ಬೇರೆ ಯಾರ ಮುಂದೆಯೂ ತಾಟು ಹಿಡಿದು ಬರುವವಳಲ್ಲ.

ಮಾಸ್ತರರ ಮನೆಯಲ್ಲಿ ಹಿರಿಯರೆಂದರೆ ಅವರ ಅಜ್ಜಿ, ನೀಲಮ್ಮಜ್ಜಿ. ಒಣಗಿದ ಮೈ, ಹಣೆ ತುಂಬ ವಿಭೂತಿ, ಸೊಂಟಕ್ಕೆ ಎಲೆ ಅಡಿಕೆಯ ಸಂಚಿ. ನಿಶ್ಚಯದ ದಿನ ಮಾಸ್ತರರಿಗೆ ನಾವು ಕೈಗಡಿಯಾರ ಕೊಟ್ಟೆವು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, ಕಿವಿಗೆ ಇಟ್ಟು ಕೇಳಿ, “ನಡೀಲಿ. ನಮ್ಮ ಮನ್ಯಾಗ ವ್ಯಾಳ್ಯಾ ಅಂದ್ರ ವ್ಯಾಳ್ಯಾ ನೋಡ್ರಿ. ಅಕ್ಕಿಕಾಳು ಬೀಳೂದು ಹಿಂದ ಮುಂದ ಆಗಬಾರದು,” ಅಂದಳು. ಅವ್ವನಿಗೆ ಅಷ್ಟು ಸಾಕಾಯಿತು. ಯಾರೋ ಅವಳಿಗೆ, ಈ ಅಜ್ಜಿ ತಡವಾಗಿ ಬಂದ ಬೀಗರನ್ನು ಒಮ್ಮೆ ಅಂಗಳದಿಂದಲೇ ತಿರುಗಿ ಕಳಿಸಿದ್ದಾಳೆಂದು ಹೇಳಿದ್ದರು. ಹೇಳಿದವರು ಯಾರು, ಕಳಿಸಿದ್ದು ಯಾವಾಗ ಎಂದು ಅವ್ವ ಕೇಳಲಿಲ್ಲ. ಆವತ್ತಿನಿಂದ ಅಜ್ಜಿಯ ಹೆಸರೆತ್ತಿದರೆ ಅವ್ವನ ಎದೆ ಹೊಡೆದುಕೊಳ್ಳುತ್ತಿತ್ತು.

ಮದುವೆ ಗದಗಿನಲ್ಲಿ, ಗಂಡಿನ ಮನೆಯಲ್ಲಿ. ಅಕ್ಕಿಕಾಳು, ಅಂದರೆ ಅಕ್ಷತೆ ಬೀಳುವ ಮುಹೂರ್ತ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ. ಬೆಳಗಿನ ಗಾಡಿಗೆ ಹೊರಟರೆ ಆರಾಮಾಗಿ ಮುಟ್ಟಬಹುದಿತ್ತು. ಹಿಂದಿನ ದಿನವೇ ಅವ್ವ ಮನೆ ಮಂದಿಯನ್ನೆಲ್ಲ ಕೂಡಿಸಿ ತಾಕೀತು ಮಾಡಿದಳು.

“ನಾಳಿ ಯಾರ ಬಾಯಿಂದನೂ ಎಲ್ಲಿಗಿ ಅನ್ನೂ ಮಾತು ಬರಬಾರದು. ಓಣ್ಯಾಗ ಯಾರರ ಕೇಳಾಕ ಬಾಯಿ ತಗದ್ರ ಮೊದಲs ನೀವು ಮಾತಾಡಿಸಿ ಬಿಡ್ರಿ. ಪಾರವ್ವಾ, ನೀ ಅಂತೂ ತಲಿ ಎತ್ತಬ್ಯಾಡ. ಮಾತಾಡಬ್ಯಾಡ.”

ಉಡಿ ತುಂಬಿಸಿಕೊಂಡ ಅಕ್ಕ ಹೂಂ ಎಂದು ತಲೆ ಆಡಿಸಿದಳು.

ಮರುದಿನ ಬೆಳಿಗ್ಗೆ ಓಣಿ ದಾಟಿದ್ದು ಒಂದು ಸಾಹಸ. ಮುಂದೆ ಕಾಕಾನ ಕೊಡೆ, ಹಿಂದೆ ಅಪ್ಪ, ಬಂಧುಬಳಗ, ಬುತ್ತಿಯ ಗಂಟು, ಉಂಡಿ ಚಕ್ಕುಲಿಯ ಡಬ್ಬಿ, ನಡುವೆ ಅಕ್ಕ. ಯಾರಾದರೂ ನಮ್ಮ ಕಡೆ ನೋಡಿದರೆ ಸಾಕು, ಮದುವೆಗೆಂದು ಬಂದಿದ್ದ ನಮ್ಮ ಸೋದರತ್ತೆ ದೂರದಿಂದಲೇ, “ಆರಾಮ ಇದ್ದೀರೇನ್ರಿ? ಮಕ್ಕಳು ಹೆಂಗದಾವು?” ಎಂದು ಕೂಗಿ ಅವರ ಬಾಯಿ ಕಟ್ಟುತ್ತಿದ್ದಳು. ಸ್ಟೇಶನ್ನಿನಲ್ಲಿ ಹಮಾಲನೊಬ್ಬ ಬಂದು ಟ್ರಂಕು ತಲೆಗೇರಿಸಿಕೊಂಡ. ಪಾಪ, ಅವನ ಕಸುಬೇ ಕೇಳುವುದು. “ಅವ್ವಾರ, ಯಾವ ಕಡಿ ಗಾಡಿ? ಎಲ್ಲಿ...” ಅನ್ನುವಷ್ಟರಲ್ಲಿ ಅವ್ವ ಎರಡೂ ಕೈ ಎತ್ತಿ, “ಕೇಳಬ್ಯಾಡೋ ಮಾರಾಯಾ! ಆ ಕೊಡಿ ಹಿಂದ ನಡಿ!” ಎಂದು ಕೂಗಿದಳು. ಅವನೂ ಬಾಯಿ ಮುಚ್ಚಿಕೊಂಡು ಕೊಡೆಯ ಹಿಂದೆ ನಡೆದ.

ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಬೆಳಿಗ್ಗೆ ಗದಗಿನ ಗಾಡಿಯೂ ಧಾರವಾಡದ ಗಾಡಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಿಂತಿರುತ್ತಿದ್ದವು. ಗದಗಿನದು ಯಾವತ್ತೂ ನಿಲ್ಲುವ ಜಾಗ ಒಂದಿತ್ತು. ಆವತ್ತು ಏನು ಕಾರಣವೋ, ಅಲ್ಲಿ ಧಾರವಾಡದ ಗಾಡಿ ನಿಂತಿತ್ತು. ಕಾಕಾ ನೇರವಾಗಿ ಅಲ್ಲಿಗೆ ಹೋಗಿ ಕೊಡೆಯಿಂದ ಗಾಡಿಯ ಒಂದು ಡಬ್ಬಿಯ ಬಾಗಿಲು ತೋರಿಸಿದ. ಡಬ್ಬಿ ಪೂರ್ತಿ ಖಾಲಿ. “ನೋಡ್ರಿ, ಲಗೂ ಬಂದಿದ್ದಕ್ಕ ಎಂಥಾ ಜಾಗಾ ಸಿಕ್ತು!” ಎಂದ. ಎಲ್ಲರೂ ಹಿಗ್ಗಿ ಹತ್ತಿದೆವು. ಒಂದು ಡಬ್ಬಿ ತುಂಬ ನಾವೇ. ಬೇರೆಯವರೊಬ್ಬರೂ ಇಲ್ಲದ್ದರಿಂದ ಹೇಳುವವರೂ ಇರಲಿಲ್ಲ.

ಈಗ ನನ್ನ ಸಂಗತಿ ಹೇಳಬೇಕು. ನಾನು ದಿನಾ ಹತ್ತುವ ಗಾಡಿ ಅದೇ. ಅದರ ಹಲಗೆಯ ಬೆಂಚು, ಕಿಟಕಿಯ ಮುರಿದ ಕೊಂಡಿ, ಎಲ್ಲ ನನ್ನ ಗುರುತಿನವು. ಒಳಗೆ ಕಾಲಿಟ್ಟ ಕೂಡಲೇ ಮನಸ್ಸಿಗೆ ಎಂಥದೋ ನೆಮ್ಮದಿಯಾಯಿತು. ಇಷ್ಟು ಗಡಿಬಿಡಿಯಲ್ಲೂ ಎಲ್ಲ ಸರಿಯಾಗಿಯೇ ನಡೆದಿದೆ ಅನ್ನಿಸಿತು. ಗುರುತಿನದು ಕಂಡಿತೆಂದರೆ ಅದೇ ಸರಿಯಾದದ್ದೆಂದು ನನ್ನ ಮನಸ್ಸು ಠರಾವು ಮಾಡಿಬಿಟ್ಟಿತ್ತು. ಮಡಿಲಲ್ಲಿ ತರ್ಕಶಾಸ್ತ್ರದ ಪುಸ್ತಕವೊಂದು ಇರಲಿಲ್ಲ, ಇದ್ದಿದ್ದರೆ ಅದನ್ನು ಓದಿಕೊಂಡೇ ಹೋಗುತ್ತಿದ್ದೆ.

ಗಾಡಿ ಬಿಟ್ಟಿತು. ಗದಗ ಮೂಡಲ ದಿಕ್ಕು. ಮುಂದೆ ಇರಬೇಕಾದ ಬೆಳಗಿನ ಬಿಸಿಲು ಹಿಂದಿನಿಂದ ಬಂದು ಅಪ್ಪನ ರುಮಾಲಿನ ಮೇಲೆ ಬಿತ್ತು. ಅಪ್ಪ ಒಮ್ಮೆ ಹಿಂದೆ ನೋಡಿದ, ಒಮ್ಮೆ ಕಾಕಾನನ್ನು ನೋಡಿದ.

“ಬಸಲಿಂಗ, ಬಿಸಲು ಹಿಂದಿಂದ ಬರಾಕತ್ತೈತಲ್ಲೋ.”

“ಹಳಿ ಸ್ವಲ್ಪ ಹೊಳ್ಳತೈತಿ ಅಣ್ಣಾ. ಆಮ್ಯಾಲ ನೆಟ್ಟಗಾಗತೈತಿ,” ಎಂದ ಕಾಕಾ. ಅಪ್ಪ ರುಮಾಲು ಸರಿ ಮಾಡಿಕೊಂಡು ಕೂತ.

ಸ್ವಲ್ಪ ಹೊತ್ತಿಗೆ ಉಣಕಲ್ಲಿನ ಕೆರೆ ಬಂತು. ಹುಬ್ಬಳ್ಳಿಯವರಿಗೆ ಉಣಕಲ್ಲಿನ ಕೆರೆ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಅದು ಧಾರವಾಡದ ಹಾದಿಯಲ್ಲಿದೆ ಎಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಅತ್ತೆ ಕಿಟಕಿಯಿಂದ ನೋಡಿ, “ಅಯ್ಯ, ಇದು ಥೇಟ್ ಉಣಕಲ್ ಕೆರಿ ಇದ್ದಂಗs ಐತಲ್ಲ!” ಎಂದು ಬೆರಗಾದಳು. “ಈ ವರ್ಷ ಮಳಿ ಛಲೋ ಆಗೇತಿ, ಎಲ್ಲಾ ಕೆರಿನೂ ತುಂಬ್ಯಾವು,” ಎಂದ ಕಾಕಾ. ಅತ್ತೆಗೆ ಪಟ್ಟನೆ ಒಪ್ಪಿಗೆಯಾಯಿತು. ನಾನೂ ದಿನಾ ನೋಡುವ ಕೆರೆಯನ್ನು ದಿನದಂತೆ ನೋಡಿದೆ, ದಿನದಂತೆ ಚೆಂದ ಕಂಡಿತು. ಆಮೇಲೆ ಒಬ್ಬ ಪೇಢೆ ಮಾರುವವನು ಬಾಗಿಲಲ್ಲಿ ಇಣುಕಿ, “ಧಾರವಾಡ ಪೇಢೇ” ಎಂದು ಕೂಗಿದ. ಇವನು ಗದಗಿನ ತನಕ ಮಾರಲು ಹೋಗುತ್ತಾನಲ್ಲ, ದುಡಿಯುವ ಮನುಷ್ಯ ಎಂದು ಅಪ್ಪ ಅವನನ್ನು ಹೊಗಳಿ ಒಂದು ಪೊಟ್ಟಣ ಕೊಂಡ.

ಈಗ ನೆನಸಿಕೊಂಡರೆ, ನನ್ನನ್ನೂ ಅಕ್ಕನನ್ನೂ ಬಿಟ್ಟು ಆ ಡಬ್ಬಿಯಲ್ಲಿ ಅನುಮಾನ ಬಾರದವರು ಯಾರೂ ಇರಲಿಲ್ಲ. ಅಪ್ಪನಿಗೆ ಬಂದಿತ್ತು, ಅತ್ತೆಗೆ ಬಂದಿತ್ತು, ಎಷ್ಟೋ ದಿನಗಳ ಮೇಲೆ ಕಾಕಾ ತನಗೂ ಬಂದಿತ್ತೆಂದು ಒಪ್ಪಿಕೊಂಡ. ಒಬ್ಬೊಬ್ಬರೂ ಉಳಿದವರ ಮುಖ ನೋಡಿದರು. ಉಳಿದವರು ಸುಮ್ಮನೆ ಚಕ್ಕುಲಿ ತಿನ್ನುತ್ತಿದ್ದರು. ಅವರೇ ಸುಮ್ಮನಿದ್ದಾರೆಂದ ಮೇಲೆ ಎಲ್ಲ ಸರಿಯೇ ಇರಬೇಕೆಂದು ತಾವೂ ಒಂದು ಚಕ್ಕುಲಿ ತೆಗೆದುಕೊಂಡರು. ಬಾಯಿಬಿಟ್ಟು ಕೇಳಿಬಿಟ್ಟರೆ ಅದೊಂದೇ ಮಾತಿನಲ್ಲಿ ಎಲ್ಲ ತಿಳಿಯುತ್ತಿತ್ತು. ಆ ಮಾತನ್ನೇ ಅವ್ವ ಬಂದ್ ಮಾಡಿದ್ದಳು.

ಗಾಡಿ ಅಮರಗೋಳದಲ್ಲಿ ನಿಂತಿತು. ಅಲ್ಲಿ ದಿನಾ ನನ್ನ ಗೆಳತಿ ಸರೋಜಾ ಹತ್ತುತ್ತಿದ್ದಳು. ಅವಳ ಊರು ಬೈರಿದೇವರಕೊಪ್ಪ. ಹೊಲದ ಹಾದಿ ಹಿಡಿದು ನಡೆದು ಬಂದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹತ್ತುವಳು. ಆವತ್ತೂ ಹಾಗೆಯೇ ಹತ್ತಿ, ನನ್ನನ್ನು ಕಂಡು ಬಾಯಿಗೆ ಕೈ ಹಚ್ಚಿದಳು.

“ಏನ ಶಾಂತಾ, ಇವತ್ತ ಕಾಲೇಜಿಗೆ ರೇಷ್ಮಿ ಸೀರಿ ಉಟ್ಕೊಂಡು ಬಂದೀಯಲ್ಲs!”

ನಾನು ಏನು ಮಾಡಿದೆ ಗೊತ್ತೇ? ನಾಚಿಕೊಂಡೆ. ಸೀರೆಯ ನೆರಿಗೆ ಸರಿ ಮಾಡಿ, ಪಕ್ಕದಲ್ಲಿ ಅವಳಿಗೆ ಜಾಗ ಮಾಡಿಕೊಟ್ಟೆ.

ತಲೆ ತಗ್ಗಿಸಿ ಕೂತಿದ್ದ ಅಕ್ಕ ಕಿಟಕಿಯ ಹೊರಗೆ ನೋಡಿರಲಿಲ್ಲ. ಕೆರೆ ನೋಡಿರಲಿಲ್ಲ, ಬಿಸಿಲು ನೋಡಿರಲಿಲ್ಲ. ಆದರೆ ಸರೋಜಾ ಅಮರಗೋಳದಲ್ಲಿ ಹತ್ತುತ್ತಾಳೆಂದು ದಿನಾ ಸಂಜೆ ನನ್ನ ಬಾಯಿಂದ ಕೇಳಿದವಳು. ಅವಳ ಕೊರಳು ಮೆಲ್ಲಗೆ ಮೇಲೆ ಬಂತು. ಕಣ್ಣಲ್ಲಿ ನೀರಿತ್ತೋ ಬೆಂಕಿಯಿತ್ತೋ ನನಗೆ ತಿಳಿಯಲಿಲ್ಲ. ಡಬ್ಬಿಗೆಲ್ಲ ಕೇಳುವಂತೆ ಅಂದಳು:

“ಕಾಕಾ, ಈ ಗಾಡಿ ಎಲ್ಲಿಗಿ ಹೊಂಟೈತಿ?”

ಚಕ್ಕುಲಿ ಮುರಿಯುವ ಸದ್ದೂ ನಿಂತುಹೋಯಿತು. ಅವ್ವ, “ಅಯ್ಯೋ ಶಿವನs, ನೀನs ಕೇಳಿದೇನs ಪಾರೀ!” ಎಂದು ಹಣೆ ಬಡಿದುಕೊಂಡಳು. ಉತ್ತರ ಕೊಟ್ಟವಳು ಸರೋಜಾ, ಏನೂ ಅರಿಯದೆ. “ಧಾರವಾಡಕ್ಕ ಅಕ್ಕಾರ. ಮತ್ತೆಲ್ಲಿಗಿ?”

ಕಾಕಾ ಕೊಡೆ ಊರಿಕೊಂಡು ಎದ್ದು ನಿಂತ. ಅವನ ಮುಖ ನೋಡಲಾಗದಷ್ಟು ಬಾಡಿತ್ತು. ಆದರೂ ದನಿ ಬಿಡಲಿಲ್ಲ. “ಧಾರವಾಡದ ಮ್ಯಾಲಿಂದ ಗದಗಕ್ಕ ಹೊಸಾ ಹಳಿ ಹಾಕಿರಬೇಕು,” ಎಂದ. ಯಾರೂ ಹೂಂ ಅನ್ನಲಿಲ್ಲ. ಅಕ್ಕ ಅಷ್ಟರಲ್ಲಿ ಉಡಿಯ ಗಂಟು ಬಿಗಿ ಹಿಡಿದು ಬಾಗಿಲಿಗೆ ಹೋಗಿ ಇಳಿದಾಗಿತ್ತು. ಮದುಮಗಳು ಇಳಿದ ಮೇಲೆ ನಿಬ್ಬಣ ಕೂತು ಏನು ಮಾಡುತ್ತದೆ? ಗಂಟು, ಡಬ್ಬಿ, ಟ್ರಂಕು ಕಿಟಕಿಯಿಂದ ಹಾರಿದವು. “ಅಂಥಾ ಜಾಗಾ ಬಿಟ್ಟು ಇಳೀಬೇಕಾತಲ್ಲ,” ಎಂದು ಅತ್ತೆ ಇಳಿಯುವಾಗಲೂ ಅಂದಳು.

ಆ ಸಣ್ಣ ಸ್ಟೇಶನ್ನಿನಲ್ಲಿ ನಿಂತಾಗ ನನಗೆ ಅಳು ಬರುವ ಹಾಗಾಯಿತು. ಹುಬ್ಬಳ್ಳಿಯಲ್ಲಿ ಗದಗಿನ ಗಾಡಿ ಬಿಟ್ಟುಹೋಗಿರುತ್ತದೆ, ಮುಂದಿನದು ಸಂಜೆಗೆ. ನೀಲಮ್ಮಜ್ಜಿ, ಅಕ್ಕಿಕಾಳು, ವೇಳೆ. ಒಮ್ಮೆ ತಪ್ಪಿದ ಹುಡುಗಿಗೆ ಎರಡನೆಯದೂ ತಪ್ಪಿತೆಂದರೆ ಓಣಿಯ ಮಂದಿ ಹೆಸರಿಟ್ಟು ಕರೆಯುತ್ತಾರೆ. ಆ ಮಾಸ್ತರರು ಏನು ತಿಳಿದಾರು? ಬೇಡವೆಂದು ಬಾರದೆ ಉಳಿದಳೆಂದು ತಿಳಿದರೆ?

ಸ್ಟೇಶನ್ ಮಾಸ್ತರ ಹೊರಗೆ ಬಂದು ನಮ್ಮನ್ನು ನೋಡಿ, ರಸ್ತೆಗೆ ಹೋದರೆ ಲಾರಿ ಸಿಕ್ಕೀತು ಎಂದ. ಕಾಕಾ ಒಪ್ಪಲಿಲ್ಲ. ಇಲ್ಲೇ ಕಾದು ಹುಬ್ಬಳ್ಳಿಗೆ ಹಿಂತಿರುಗಿ ಸಂಜೆಯ ಗಾಡಿಗೇ ಹೋಗಬೇಕೆಂದು ಹಟ ಹಿಡಿದ. ಕಾರಣವೇನು ಗೊತ್ತೇ?

“ಗದಗಿನ ತನಕ ಎಲ್ಲಾರ ಟಿಕೇಟ ತಗದೀನಿ. ಅವನ್ನೇನು ಒಗದು ಬಿಡೂದs?”

ಅಪ್ಪನೂ ಒಂದು ಗಳಿಗೆ ವಿಚಾರಕ್ಕೆ ಬಿದ್ದ. ವ್ಯಾಪಾರಸ್ಥರ ಮನೆ ನೋಡಿ. ಅಕ್ಕ ಕಾಕಾನ ಎದುರು ಬಂದು ನಿಂತಳು. ದನಿ ಏರಿಸಲಿಲ್ಲ. “ಕಾಕಾ, ಟಿಕೇಟ ನಿನ್ನ ಕಿಸೇದಾಗ ಇರಲಿ. ನಾ ಲಗ್ನ ಆಗೂದು ಇವತ್ತ,” ಎಂದಳು. ಹೊಲದ ಹಾದಿ ಹಿಡಿದು ನಡೆದೇ ಬಿಟ್ಟಳು. ಸ್ವಲ್ಪ ದೂರ ಹೋಗುವುದರೊಳಗೆ ಕಾಕಾ ಓಡಿ ಬಂದು ಅವಳ ತಲೆಯ ಮೇಲೆ ಕೊಡೆ ಬಿಚ್ಚಿ ಹಿಡಿದ. ಜೀವಮಾನದಲ್ಲಿ ಮೊದಲ ಸಲ ಆ ಕೊಡೆ ಬೇರೆಯವರ ಹಿಂದೆ ಬಂತು.

ರಸ್ತೆಯಲ್ಲಿ ಸಿಕ್ಕದ್ದು ಗದಗಿನ ಪೇಟೆಗೆ ಹೊರಟ ಹತ್ತಿಯ ಲಾರಿ. ಡ್ರೈವರನಿಗೆ ಅಪ್ಪನ ಗುರುತಿತ್ತು. ಅವನು ನಮ್ಮನ್ನೆಲ್ಲ ನೋಡಿ, “ಎಲ್ಲಿಗಿ ಬಿಡ್ಲೆಪಾ?” ಎಂದು ಕೇಳಿದಾಗ ಅವ್ವ ಬಾಯಿ ತೆರೆದಳು, ಮುಚ್ಚಿದಳು, ಆಮೇಲೆ ಎಲ್ಲರಿಗಿಂತ ಮೊದಲು, “ಗದಗಕ್ಕ! ಗದಗಕ್ಕ ಬಿಡಪಾ ಪುಣ್ಯಾತ್ಮಾ!” ಎಂದು ಕೂಗಿದಳು. ಅಕ್ಕನನ್ನೂ ಅವ್ವನನ್ನೂ ಮುಂದೆ ಕೂರಿಸಿ ಉಳಿದವರು ಹತ್ತಿಯ ಚೀಲಗಳ ಮೇಲೆ ಹತ್ತಿದೆವು. ಹುಬ್ಬಳ್ಳಿ ಹಿಂದೆ ಹೋಯಿತು. ಕರಿ ಮಣ್ಣಿನ ಸಮ ಬಯಲು ಬಂತು. ಬಿಸಿಲು ಮುಖಕ್ಕೆ ಹೊಡೆಯಿತು. ಆ ಬಿಸಿಲು ಮುಖಕ್ಕೆ ಬಿದ್ದದ್ದೇ ನಮಗೆಲ್ಲ ಎಷ್ಟು ಖುಷಿಯಾಯಿತೆಂದರೆ, ಅಪ್ಪ ರುಮಾಲು ತೆಗೆದು ತಲೆಯೊಡ್ಡಿ ಕೂತ. ಆದರೆ ಅಣ್ಣಿಗೇರಿಯ ಹತ್ತಿರ ಎಂಜಿನ್ನು ಹೊಗೆಯಾಡಿ ಲಾರಿ ನಿಂತಿತು. ನೀರು ತಂದು ಹಾಕಿ ಅದು ತಣ್ಣಗಾಗುವ ತನಕ ರಸ್ತೆಯ ಬದಿಯಲ್ಲಿ ನೆರಳು ನೋಡುತ್ತ ನಿಂತೆವು. ನೆರಳು ಕಾಲಬುಡಕ್ಕೆ ಬಂತು, ಆಚೆ ಕಡೆಗೆ ಸರಿಯಿತು. ಅಕ್ಕ ಅದನ್ನು ನೋಡುತ್ತಿದ್ದಳು.

ಗದಗಿನಲ್ಲಿ ಹಂದರದ ಮುಂದೆ ಲಾರಿ ನಿಂತಾಗ ನಮ್ಮ ಮೈತುಂಬ ಹತ್ತಿ. ಅಪ್ಪನ ಮೀಸೆಯಲ್ಲಿ, ಅತ್ತೆಯ ಮುಡಿಯಲ್ಲಿ, ರೇಷ್ಮೆ ಸೀರೆಗಳ ಮೇಲೆಲ್ಲ ಎಳೆ ಎಳೆ. ಬಾಗಿಲಲ್ಲಿ ನೀಲಮ್ಮಜ್ಜಿ ನಿಂತಿದ್ದಳು. ನಮ್ಮನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

“ಬಂದ್ರೇನವಾ? ಬರ್ರಿ ಬರ್ರಿ. ಲಗೂನ ಮಾರಿ ತೊಳ್ಕೊರಿ. ಹುಡುಗಿಗಿ ಒಂದೀಟು ಹಾಲು ಕೊಡ್ರಿ ಯಾರರ.”

ಅಪ್ಪ ಕೈ ಮುಗಿದು, “ಅಮ್ಮಾರ, ತಪ್ಪಾಗೇತಿ. ವ್ಯಾಳ್ಯಾ ಮೀರಿ...” ಎಂದು ಶುರು ಮಾಡಿದ.

“ಯಾರು ಅಂದ್ರು ಮೀರೇತಿ ಅಂತ?” ಅಜ್ಜಿ ಅವನ ಮಾತು ಅಲ್ಲೇ ತಡೆದಳು. “ನಮ್ಮ ಮನಿತನದಾಗ ಲಗ್ನದ ದಿನ ಎಷ್ಟು ಗಂಟಿ ಅಂತ ಕೇಳಬಾರದ್ರಿ. ಕೇಳಿದ್ರ ಛಲೋ ಆಗಂಗಿಲ್ಲ. ಪದ್ಧತಿ ಐತಿ.”

ಅವ್ವ ಇಂಥ ಮಾತನ್ನು ಪ್ರಶ್ನೆ ಮಾಡುವವಳೇ? ಕೂಡಲೇ ಅಪ್ಪನ ಬಾಯಿಯ ಮೇಲೆ ಕೈ ಇಟ್ಟಳು.

ನಾನು ಒಳಗೆ ಬಂದು ನೋಡಿದೆ. ಹಂದರದ ಎದುರಿನ ಗೋಡೆಯಲ್ಲಿ ಒಂದು ಮೊಳೆ ಇತ್ತು. ಅದರ ಕೆಳಗೆ ಗಡಿಯಾರದಷ್ಟೇ ಗುಂಡಗೆ, ಸುಣ್ಣ ಮಾಸದ ಜಾಗ. ಮದುವೆ ಮಾಡಿಸುವ ಅಯ್ಯನವರು ಕಂಬಕ್ಕೆ ಒರಗಿ ಶಾಂತವಾಗಿ ಕೂತಿದ್ದರು. ಮಕ್ಕಳು ಬೂಂದಿ ತಿಂದು ಮಲಗಿದ್ದವು. ಮಾಸ್ತರರ ತಂಗಿ ಬಿಂದಿಗೆಯಿಂದ ನೀರು ಹಾಕುತ್ತ ನನ್ನ ಕಿವಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಬೆಳಗಿನ ಗಾಡಿ ಬಂದು ನಾವು ಇಳಿಯದಿದ್ದಾಗ ಅವರ ಮನೆಯಲ್ಲಿ ಎಲ್ಲರ ಎದೆ ಒಡೆದಿತ್ತಂತೆ. ಹೆಣ್ಣಿನ ಕಡೆಯವರು ಮನಸ್ಸು ಬದಲಿಸಿದರೆಂದು ಅವಳ ದೊಡ್ಡಪ್ಪ ಸಾಕ್ಷಿ ಒಟ್ಟುಮಾಡಲು ಕೂತರಂತೆ. ನಿಶ್ಚಯದ ದಿನ ನಮ್ಮ ಅಪ್ಪ ಸರಿಯಾಗಿ ನಗಲಿಲ್ಲ, ಕೊಟ್ಟ ವೀಳ್ಯದೆಲೆ ಹರಿದಿತ್ತು, ಹುಡುಗಿ ಒಂದು ಮಾತೂ ಆಡಲಿಲ್ಲ, ಆವತ್ತೇ ತಮಗೆ ಅನುಮಾನವಿತ್ತು, ಹೀಗೆ. ಕೇಳುವವರು ಒಬ್ಬೊಬ್ಬರಾಗಿ ಹೌದು ಹೌದು ಅನ್ನತೊಡಗಿದರಂತೆ. ಮಾಸ್ತರರೊಬ್ಬರೇ, “ಬರತಾರ” ಎಂದು ಬಾಗಿಲು ಬಿಟ್ಟು ಕದಲಲಿಲ್ಲವಂತೆ. ಆಗ ಅಜ್ಜಿ ಎದ್ದು, ಗೋಡೆಯ ಗಡಿಯಾರ ಕೆಟ್ಟಿದೆ ಎಂದು ಇಳಿಸಿ, ಒಳಗೆ ಹಾಸಿಗೆಯ ಗಂಟಿನಲ್ಲಿ ಹುಗಿದಿಟ್ಟಳಂತೆ. ಅಯ್ಯನವರ ಎದುರು ಹೋಗಿ ಅದೇನು ಮಾತಾಡಿದಳೋ, ಅವರು ಆಯಿತೆಂದರಂತೆ.

ನನಗೆ ಎದೆ ಬಿಚ್ಚಿ ಉಸಿರು ಬಂತು. ಬೆಳಗಿನಿಂದ ಹಿಡಿದಿಟ್ಟ ಅಳು ಆಗ ಬಂತು, ನಗುವಿನ ಜೊತೆಗೇ ಬಂತು. ಅವ್ವ ಇಷ್ಟು ದಿನ ಹೆದರಿದ ಅಜ್ಜಿ ಇವಳೇ. ಬೀಗರನ್ನು ಅಂಗಳದಿಂದ ತಿರುಗಿ ಕಳಿಸಿದ ಸಂಗತಿ ಕೇಳಿದರೆ ಮಾಸ್ತರರ ತಂಗಿ, “ನಮ್ಮ ಅಜ್ಜಿನs? ಯಾರು ಹೇಳಿದ್ರು?” ಎಂದು ಬಾಯಿ ತೆರೆದು ನಿಂತಳು.

ಅಕ್ಕಿಕಾಳು ಬಿದ್ದವು. ಅಕ್ಕನ ತಲೆಯ ಮೇಲೆ ಯಾವುದು ಅಕ್ಕಿ, ಯಾವುದು ಹತ್ತಿ ಎಂದು ತಿಳಿಯುತ್ತಿರಲಿಲ್ಲ. ಕಾಕಾ ಒಂದು ಮೂಲೆಯಲ್ಲಿ ನಿಂತು ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡ. ಆಮೇಲೆ ದಂಪತಿಗಳು ಹಿರಿಯರ ಕಾಲಿಗೆ ಬೀಳುತ್ತ ಬಂದರು. ನಾನು ಅಕ್ಕನ ಸೆರಗು ಹಿಡಿದು ಬೆನ್ನಿಗಿದ್ದೆ. ನೀಲಮ್ಮಜ್ಜಿಯ ಮುಂದೆ ಅಕ್ಕ ಬಗ್ಗಿದಳು, ಬಗ್ಗಿದವಳು ಹಾಗೆಯೇ ಒಂದು ಕ್ಷಣ ನಿಂತುಬಿಟ್ಟಳು. ನಾನೂ ಬಗ್ಗಿದೆ. ಅಜ್ಜಿಯ ಸೊಂಟದ ಸಂಚಿಯಿಂದ, ಎಲೆ ಅಡಿಕೆಯ ನಡುವಿನಿಂದ, ಟಿಕ್ ಟಿಕ್ ಎಂಬ ಸಣ್ಣ ಸದ್ದು ಬರುತ್ತಿತ್ತು.

ಅಕ್ಕ ಮೆಲ್ಲಗೆ ತಲೆ ಎತ್ತಿ ಪಕ್ಕದಲ್ಲಿ ಬಗ್ಗಿದ್ದ ಮಾಸ್ತರರ ಕೈ ನೋಡಿದಳು. ಮಣಿಕಟ್ಟು ಬರಿದಾಗಿತ್ತು. ಪಟ್ಟಿ ಇದ್ದಲ್ಲಿ ಬಿಳಿಯ ಗುರುತಿತ್ತು. ಅವರು ಅವಳ ಕಣ್ಣು ಹೋದಲ್ಲಿ ನೋಡಿ, ನಗು ತಡೆದುಕೊಂಡು, ಅವಳಿಗೆ ಮಾತ್ರ ಕೇಳುವಂತೆ ಅಂದರು. ನಾನು ಹತ್ತಿರವಿದ್ದುದರಿಂದ ನನಗೂ ಕೇಳಿತು.

“ಏನರ ಕೇಳೂದೈತೇನ್ರಿ?”

“ಏನೂ ಇಲ್ರಿ,” ಎಂದಳು ಅಕ್ಕ.